ಕೆಚ್ಚಲು ಕಟ್ಟಿದ ಒಂಟೆಯೂ ಹಳೆಯ ಬ್ಯಾಟರಿ ಗಾಡಿಯೂ

ಇತ್ತೀಚಿನ ವರ್ಷಗಳಲ್ಲಿ ಉಮ್ರಾ ಮುಗಿಸಿ ಬಂದವರು ಒಂದು ದೃಶ್ಯವನ್ನು ತಪ್ಪದೆ ವರ್ಣಿಸುತ್ತಾರೆ. ಮಸ್ಜಿದುಲ್ ಹರಾಮ್‌ನ ಮಾಳಿಗೆಯ ಮೇಲೆ ವೃದ್ಧರು, ಮೊಣಕಾಲು ನೋವಿನವರು ಗಾಲ್ಫ್ ಗಾಡಿಯಲ್ಲಿ ಕುಳಿತು ತವಾಫ್ ಮಾಡುತ್ತಾರೆ. ಗಾಡಿಗೆ ಸದ್ದಿಲ್ಲ, ಹೊಗೆಯಿಲ್ಲ, ಹತ್ತುವ ಮೆಟ್ಟಿಲು ತಗ್ಗು. ವಾಹನವೇರಿ ತವಾಫ್ ಮಾಡುವುದು ಹೊಸ ಸಂಗತಿಯೇನಲ್ಲ. ಪ್ರವಾದಿವರ್ಯರು(ಸ) ವಿದಾಯ ಹಜ್ಜ್‌ನ ಸಂದರ್ಭದಲ್ಲಿ ಒಂಟೆಯ ಮೇಲೆ ತವಾಫ್ ಮಾಡಿದ್ದರು. ಅಸೌಖ್ಯದಿಂದಿದ್ದ ಉಮ್ಮು ಸಲಮಾ(ರ)ರಿಗೆ ಜನರ ಹಿಂದಿನಿಂದ ವಾಹನವೇರಿಯೇ ತವಾಫ್ ಮಾಡಲು ಹೇಳಿದ್ದರು. ನಡೆಯಲಾಗದವರನ್ನು ಮನೆಯಲ್ಲೇ ಕೂರಿಸಿಬಿಡುವ ಧರ್ಮ ನಮ್ಮದಲ್ಲ.

ಈ ದೃಶ್ಯ ನೋಡಿ ಬಂದ ಮಕ್ಕಳ ಮನಸ್ಸಿನಲ್ಲಿ ಒಂದು ಆಸೆ ಮೊಳೆಯುವುದು ಸಹಜ. ನಮ್ಮ ಉಮ್ಮನಿಗೂ ಇಂಥದೊಂದು ಇದ್ದರೆ ಹೇಗೆ? ಗಲ್ಫ್‌ನಲ್ಲಿ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಕೆಲಸ ಮಾಡಿದವರಿಗೆ ಈ ಗಾಡಿ ಹೊಸತೂ ಅಲ್ಲ. ನಮ್ಮಲ್ಲಿಯೂ ಮೈಸೂರಿನ ಮೃಗಾಲಯದಲ್ಲಿ, ದೊಡ್ಡ ರೈಲು ನಿಲ್ದಾಣಗಳಲ್ಲಿ ನೀವು ಅದನ್ನು ನೋಡಿರುತ್ತೀರಿ. ಮೊನ್ನೆ ಓದುಗ ಸಹೋದರಿಯೊಬ್ಬರು ಇದನ್ನೇ ಕೇಳಿ ಪತ್ರ ಬರೆದಿದ್ದಾರೆ. ಅವರ ಅಣ್ಣ ಹದಿನೇಳು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ್ದಾರೆ. ಹತ್ತಿರದ ರೆಸಾರ್ಟೊಂದು ತನ್ನ ಹಳೆಯ ಬ್ಯಾಟರಿ ಗಾಡಿಯನ್ನು ಮಾರುತ್ತಿದೆ. ಒಂದೂಕಾಲು ಲಕ್ಷ ಹೇಳಿದ್ದಾರಂತೆ. ಉಮ್ಮನನ್ನು ಆಸ್ಪತ್ರೆಗೆ, ಶುಕ್ರವಾರ ತಂಗಿಯ ಮನೆಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ಯಬಹುದು. ಬ್ಯಾಂಕಿನ ಬಡ್ಡಿ ಸಾಲ ಬೇಡ, ಕೈಯಲ್ಲಿರುವ ಹಣದಲ್ಲೇ ಮುಗಿಯುತ್ತದೆ. "ಕೊಳ್ಳಬಹುದೇ?"

ಬಡ್ಡಿಗೆ ಹೆದರಿ ಹಳೆಯದನ್ನು ರೊಕ್ಕ ಕೊಟ್ಟು ಕೊಳ್ಳಬೇಕೆನ್ನುವ ಮನಸ್ಸು ದೊಡ್ಡದು. ಹೊಸ ಕಾರಿನ ಕಂತು ಕಟ್ಟಲಾಗದೆ ಮದುವೆಯ ಬಂಗಾರ ಅಡವಿಟ್ಟವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಈ ಗಾಡಿಯ ವಿಷಯದಲ್ಲಿ ಎರಡು ಮಾತು ಮೊದಲೇ ತಿಳಿದಿರಬೇಕು. ಒಂದು ಸರಕಾರದ ಕಾನೂನು, ಇನ್ನೊಂದು ಬ್ಯಾಟರಿ. ಎರಡರಲ್ಲೂ ದೋಷ ಕಣ್ಣಿಗೆ ಕಾಣುವುದಿಲ್ಲ.

ಗಾಲ್ಫ್ ಗಾಡಿಯಲ್ಲಿ ಊರು ಸುತ್ತುವುದು ಮೂಲತಃ ಅಮೆರಿಕದ ಪದ್ಧತಿ. ಅಲ್ಲಿನ ಜಾರ್ಜಿಯ ರಾಜ್ಯದಲ್ಲಿ ಪೀಚ್‌ಟ್ರೀ ಸಿಟಿ ಎಂಬ ಪಟ್ಟಣವಿದೆ. ಆ ಊರಿನಲ್ಲಿ ಕಾರುಗಳು ಓಡುವ ರಸ್ತೆಯಿಂದ ಬೇರೆಯಾಗಿ ಸುಮಾರು 160 ಕಿಲೋಮೀಟರ್ ಉದ್ದದ ಕಿರುದಾರಿಗಳಿವೆ. ಸಾವಿರಾರು ಮನೆಗಳಲ್ಲಿ ಗಾಲ್ಫ್ ಗಾಡಿ ಇದೆ. ಜನ ಅದರಲ್ಲೇ ಅಂಗಡಿಗೆ ಹೋಗುತ್ತಾರೆ, ಹೈಸ್ಕೂಲಿನ ಮಕ್ಕಳು ಅದರಲ್ಲೇ ಶಾಲೆಗೆ ಹೋಗುತ್ತಾರೆ. ಫ್ಲೋರಿಡಾದ 'ದಿ ವಿಲೇಜಸ್' ಎಂಬ ನಿವೃತ್ತರ ಊರೂ ಹಾಗೆಯೇ. 1998ರಲ್ಲಿ ಅಮೆರಿಕ ಸರಕಾರ 'ಕಡಿಮೆ ವೇಗದ ವಾಹನ' ಎಂಬ ಹೊಸ ವರ್ಗವನ್ನೇ ಮಾಡಿತು. ಗಂಟೆಗೆ ಸುಮಾರು 40 ಕಿಲೋಮೀಟರ್ ಮೀರದ ಇಂಥ ಗಾಡಿಗೆ ದೀಪ, ಕನ್ನಡಿ, ಸೀಟ್ ಬೆಲ್ಟ್, ಮುಂಗಾಜು ಇದ್ದರೆ ನಿಗದಿತ ರಸ್ತೆಗಳಲ್ಲಿ ಓಡಬಹುದು. ಅಲ್ಲಿ ಗಾಡಿಯ ಜೊತೆಗೆ ದಾರಿಯೂ ಇದೆ, ಕಾನೂನೂ ಇದೆ.

ನಮ್ಮಲ್ಲಿ ಗಾಡಿ ಮಾತ್ರ ಬಂದಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರ್ಖಾನೆಯಲ್ಲಿ ಅಥವಾ ಬೇಲಿಯೊಳಗಿನ ಆವರಣದಲ್ಲಿ ಮಾತ್ರ ಬಳಸಲು ಮಾಡಿದ ವಿಶೇಷ ಗಾಡಿಗಳು 'ಮೋಟಾರು ವಾಹನ' ಎಂಬ ವ್ಯಾಖ್ಯೆಗೆ ಸೇರುವುದಿಲ್ಲ. ರೆಸಾರ್ಟಿನವರು ನಂಬರ್ ಪ್ಲೇಟ್ ಇಲ್ಲದೆ ಓಡಿಸುವುದು ಈ ಕಾರಣದಿಂದ. ಅವರದು ತಪ್ಪಲ್ಲ. ಆದರೆ ಅದೇ ಗಾಡಿ ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಬಂದ ಕ್ಷಣ ಕಾಯ್ದೆಯ 39ನೇ ಕಲಮು ಎದುರಾಗುತ್ತದೆ. ನೋಂದಣಿಯಿಲ್ಲದೆ ಯಾವ ಮೋಟಾರು ವಾಹನವೂ ಸಾರ್ವಜನಿಕ ಸ್ಥಳದಲ್ಲಿ ಓಡುವಂತಿಲ್ಲ. 146ನೇ ಕಲಮಿನ ಪ್ರಕಾರ ಮೂರನೆಯವರ ವಿಮೆಯೂ ಕಡ್ಡಾಯ. ನೋಂದಣಿಯೇ ಇಲ್ಲದ ಗಾಡಿಗೆ ವಿಮೆ ಎಲ್ಲಿಂದ ಬಂತು? "ಬ್ಯಾಟರಿ ಗಾಡಿಗೆ ರಿಜಿಸ್ಟ್ರೇಷನ್ ಬೇಡ" ಎಂಬ ಮಾತು ನಮ್ಮ ಪೇಟೆಯಲ್ಲಿ ಧಾರಾಳವಾಗಿ ಓಡಾಡುತ್ತದೆ. ಅದು ಅರ್ಧ ಸತ್ಯ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಮತ್ತು ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ ಸಣ್ಣ ಸ್ಕೂಟರುಗಳಿಗೆ ಸಿಗುವ ವಿನಾಯಿತಿ ಅದು. ನಾಲ್ಕು-ಆರು ಜನರನ್ನು ಎಳೆಯುವ ಗಾಲ್ಫ್ ಗಾಡಿಯ ಮೋಟಾರು ಅದರ ಎಷ್ಟೋ ಪಟ್ಟು ದೊಡ್ಡದು.

ಅಪಘಾತವಾಯಿತು ಎಂದಿಟ್ಟುಕೊಳ್ಳಿ. ಗಾಯಗೊಂಡವನ ಆಸ್ಪತ್ರೆಯ ಖರ್ಚು, ಪರಿಹಾರ ಎಲ್ಲವೂ ಆ ಅಣ್ಣನ ಹದಿನೇಳು ವರ್ಷದ ದುಡಿಮೆಯ ಮೇಲೆಯೇ ಬೀಳುತ್ತದೆ. ಇನ್ನು ನಮ್ಮ ಕರಾವಳಿಯ ರಸ್ತೆಗಳ ವಿಷಯ. ಏರು ಇಳಿಜಾರು, ಹಿಂದಿನಿಂದ ಹಾರ್ನ್ ಹೊಡೆಯುವ ಮರಳು ಲಾರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡ್ಡ ಬಾರಿಸುವ ಮಳೆ. ಬಾಗಿಲಿಲ್ಲದ ಆ ಗಾಡಿಯಲ್ಲಿ ಎಪ್ಪತ್ತು ದಾಟಿದ ತಾಯಿಯನ್ನು ಕೂರಿಸಿಕೊಂಡು ಹೆದ್ದಾರಿ ದಾಟುವುದನ್ನು ನನಗಂತೂ ಊಹಿಸಲಾಗುವುದಿಲ್ಲ.

ಸಣ್ಣ ಬ್ಯಾಟರಿ ಗಾಡಿ ಎಂದರೆ ರಸ್ತೆಗೆ ಬರಲೇಬಾರದೆಂದೇನೂ ಅಲ್ಲ. 2001ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಬಂದ 'ರೇವಾ' ಕಾರನ್ನು ಹಿರಿಯ ಓದುಗರು ಮರೆತಿರಲಾರರು. ಆಟಿಕೆಯಂತಿದ್ದ ಆ ಕಾರು ಲಂಡನ್ನಿನ ಬೀದಿಗಳಲ್ಲೂ ಓಡಿತು. ಅನೇಕ ಗಾಲ್ಫ್ ಗಾಡಿಗಳಂತೆ ಅದರ ಸೀಟಿನಡಿಯಲ್ಲೂ ಆರು ವೋಲ್ಟಿನ ಎಂಟು ಬ್ಯಾಟರಿಗಳೇ ಇದ್ದವು. ಆದರೆ ಅದಕ್ಕೆ ನಂಬರ್ ಪ್ಲೇಟಿತ್ತು, ವಿಮೆಯಿತ್ತು, ಬಾಗಿಲಿತ್ತು.

ಈಗ ಬ್ಯಾಟರಿಯ ಮಾತು. ಇದು ಗಾಲ್ಫ್ ಗಾಡಿಗೆ ಮಾತ್ರವಲ್ಲ, ಹಳೆಯ ಇಲೆಕ್ಟ್ರಿಕ್ ಸ್ಕೂಟರ್ ಅಥವಾ ಆಟೋ ಕೊಳ್ಳುವವರಿಗೂ ಅನ್ವಯವಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ ಕೆಟ್ಟಿದ್ದರೆ ಶಬ್ದ ಹೇಳುತ್ತದೆ, ಹೊಗೆ ಹೇಳುತ್ತದೆ. ಬ್ಯಾಟರಿ ಮೌನಿ. ಹೊಸ ಬಣ್ಣ, ಹೊಸ ಸೀಟು ಹಾಕಿಸಿದರೆ ಹತ್ತು ವರ್ಷದ ಗಾಡಿಯೂ ಮದುಮಗನಂತೆ ಕಾಣುತ್ತದೆ. ಸೀಟನ್ನು ಎತ್ತಿದರೆ ಕೆಳಗೆ ಎಂಟು ಬ್ಯಾಟರಿಗಳ ಸಾಲು. ಒಂದೊಂದು ಸುಮಾರು 28 ಕಿಲೋ ಭಾರ. ಚೆನ್ನಾಗಿ ನೋಡಿಕೊಂಡರೆ ಈ ಸೀಸದ ಬ್ಯಾಟರಿಗಳು ನಾಲ್ಕರಿಂದ ಆರು ವರ್ಷ ಬಾಳುತ್ತವೆ. ಡಿಸ್ಟಿಲ್ಡ್ ವಾಟರ್ ಹಾಕದೆ ಒಣಗಿಸಿದರೆ, ಚಾರ್ಜ್ ಇಳಿದ ಮೇಲೆ ಮಳೆಗಾಲವಿಡೀ ಷೆಡ್ಡಿನಲ್ಲಿ ಬಿಟ್ಟರೆ ಎರಡೇ ವರ್ಷಕ್ಕೆ ಮುಗಿದುಹೋಗಬಹುದು. ಎಂಟನ್ನೂ ಹೊಸದಾಗಿ ಹಾಕಿಸುವ ಖರ್ಚು ಎಷ್ಟೋ ವೇಳೆ ಹಳೆಯ ಗಾಡಿಯ ಬೆಲೆಯ ಸಮೀಪಕ್ಕೇ ಬರುತ್ತದೆ. ಒಂದು ಮಾತ್ರ ಕೆಟ್ಟಿದೆ, ಅದನ್ನು ಬದಲಿಸಿದರಾಯಿತು ಎಂದು ಮಾರುವವರು ಹೇಳುತ್ತಾರೆ. ಏಳು ಮುದಿ ಎತ್ತುಗಳ ಜೊತೆ ಒಂದು ಎಳೆಯ ಎತ್ತನ್ನು ಕಟ್ಟಿದಂತೆ ಅದು. ಹೊಸದೂ ಬೇಗ ಸೊರಗುತ್ತದೆ.

ಮದ್ರಸಾದಲ್ಲಿ ವ್ಯಾಪಾರದ ಅಧ್ಯಾಯ ಕಲಿಸುವಾಗ 'ಮುಸರ್ರಾತ್' ಎಂಬ ಪಾಠ ಬರುತ್ತದೆ. ಒಂಟೆ ಅಥವಾ ಆಡನ್ನು ಮಾರುವ ಮುನ್ನ ಎರಡು-ಮೂರು ದಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ ಸಂತೆಗೆ ತರುವುದು. ಕೊಳ್ಳುವವನು ಬಿಗಿದ ಕೆಚ್ಚಲು ನೋಡಿ ಹೆಚ್ಚು ಬೆಲೆ ಕೊಡುತ್ತಾನೆ. ಮನೆಗೆ ಹೋಗಿ ಒಮ್ಮೆ ಕರೆದ ಮೇಲೆ ಅಸಲು ಗೊತ್ತಾಗುತ್ತದೆ. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದರು. ಹಾಗೆ ಕೊಂಡವನಿಗೆ ಇಟ್ಟುಕೊಳ್ಳುವ ಅಥವಾ ಹಿಂದಿರುಗಿಸುವ ಆಯ್ಕೆ ಕೊಟ್ಟರು. ಒಂದು ವರದಿಯಲ್ಲಿ ಮೂರು ದಿನದ ಅವಧಿಯ ಉಲ್ಲೇಖವಿದೆ. ಹಿಂದಿರುಗಿಸುವಾಗ ಕುಡಿದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕು. ಕೊಂಡವನೂ ಮಾರುವವನ ಹಾಲನ್ನು ಪುಕ್ಕಟೆ ಕುಡಿಯಬಾರದಷ್ಟು ಸೂಕ್ಷ್ಮ ನ್ಯಾಯ! ಈ ಪಾಠ ಬಂದಾಗ ಮಕ್ಕಳು ನಗುತ್ತಾರೆ. ಒಂಟೆಯನ್ನೇ ಕಂಡಿರದ ಅವರಿಗೆ ಇದು ಹಳೆಯ ಕಾಲದ ಕಥೆ.

ಆದರೆ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಗಿರಾಕಿಗೆ ತೋರಿಸುವ ಸತ್ತ ಬ್ಯಾಟರಿ ಕೆಚ್ಚಲು ಕಟ್ಟಿದ ಒಂಟೆಯಲ್ಲದೆ ಇನ್ನೇನು? ಮೀಟರಿನಲ್ಲಿ ಪೂರ್ತಿ ಪಟ್ಟಿ ಕಾಣುತ್ತದೆ. ಅಂಗಳದಲ್ಲಿ ಎರಡು ಸುತ್ತು ಹೊಡೆದರೆ ಹಾರಿಕೊಂಡು ಹೋಗುತ್ತದೆ. ಮನೆಗೆ ತಂದು ನಾಲ್ಕು ಜನರನ್ನು ಕೂರಿಸಿ ಏರು ಹತ್ತಿಸಿದಾಗ ಹಾಲು ಬತ್ತುತ್ತದೆ.

ಆದ್ದರಿಂದ ಕೊಳ್ಳುವವರು ಒಮ್ಮೆಯಾದರೂ 'ಕರೆದು ನೋಡಬೇಕು'. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಆರು ವೋಲ್ಟಿನ ಒಳ್ಳೆಯ ಬ್ಯಾಟರಿ ಮಲ್ಟಿಮೀಟರಿನಲ್ಲಿ 6.3ಕ್ಕಿಂತ ಮೇಲೆ ತೋರಿಸುತ್ತದೆ. ಎಂಟೂ ಸೇರಿ ಸುಮಾರು 51. ಒಂದೊಂದನ್ನೂ ಅಳೆದು ಬರೆದುಕೊಳ್ಳಿ. ಆಮೇಲೆ ಜನರನ್ನು ಕೂರಿಸಿ ಅರ್ಧ ಗಂಟೆ, ಏರೂ ಸೇರಿದಂತೆ ಓಡಿಸಿ. ಬಂದು ಮತ್ತೆ ಅಳೆಯಿರಿ. ಎಲ್ಲವೂ ಸಮವಾಗಿ ಸ್ವಲ್ಪ ಇಳಿದಿದ್ದರೆ ಸರಿ. ಒಂದು ಮಾತ್ರ ದಡಕ್ಕನೆ ಬಿದ್ದಿದ್ದರೆ ರೋಗ ಅಲ್ಲಿದೆ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇಳಿಸಿ ನೋಡಬಹುದು. ಪೂರ್ತಿ ಚಾರ್ಜಿನಲ್ಲಿ 1.265ರಿಂದ 1.280ರ ಆಸುಪಾಸು ಇರಬೇಕು. ಈ ಕೆಲಸಕ್ಕೆ ದೊಡ್ಡ ಇಂಜಿನಿಯರ್ ಬೇಡ, ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ನೋಡುವ ಹುಡುಗನೇ ಸಾಕು. ಅನೇಕ ಬ್ಯಾಟರಿಗಳ ಮೇಲೆ ತಯಾರಾದ ತಿಂಗಳು-ವರ್ಷದ ಗುರುತಿರುತ್ತದೆ, ಅದನ್ನು ಓದಲು ಅವನಿಗೆ ಗೊತ್ತಿರುತ್ತದೆ. ಲಿಥಿಯಂ ಬ್ಯಾಟರಿಯ ಸ್ಕೂಟರಾದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯದ ವರದಿ ಕೇಳಿ. ವಾರಂಟಿ ಎರಡನೆಯ ಮಾಲಕರಿಗೂ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಪತ್ರ ಬರೆದ ಸಹೋದರಿಯ ಊರು ನನ್ನ ಊರಿನಿಂದ ದೂರವಿರಲಿಲ್ಲ. ಉತ್ತರ ಬರೆಯುವ ಬದಲು ಒಂದು ಆದಿತ್ಯವಾರ ಅವರ ಅಣ್ಣನ ಜೊತೆ ನಾನೇ ಹೋದೆ. ಮ್ಯಾನೇಜರ್ ಮರ್ಯಾದಸ್ಥ ಮನುಷ್ಯ. ಚಹಾ ಕೊಟ್ಟರು, ಗಾಡಿ ಓಡಿಸಿ ತೋರಿಸಿದರು. ಬ್ಯಾಟರಿ ಹೇಗಿದೆ ಎಂದು ಕೇಳಿದ್ದಕ್ಕೆ "ಇದ್ದ ಹಾಗೆ ಕೊಡುವುದು ಉಸ್ತಾದ್ರೇ, ಈಗ ನೋಡಿ ತಗೊಳ್ಳಿ, ಆಮೇಲೆ ಕೇಳ್ಬಾರ್ದು" ಎಂದರು. ಅಲ್ಲೇ ನಿಂತಿದ್ದ ರೆಸಾರ್ಟಿನ ಇಲೆಕ್ಟ್ರಿಶಿಯನ್ ನೆಲ ನೋಡುತ್ತಿದ್ದ. ನಾವು ಗೇಟಿನ ಬಳಿ ಬಂದಾಗ ಹಿಂದಿನಿಂದ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಉಸ್ತಾದ್ರೇ, ಮೂರು ಬ್ಯಾಟರಿ ಹೋಗಿದೆ. ರೆಸಾರ್ಟಿನ ಒಳಗೆ ಓಡಿಸ್ಲಿಕ್ಕೆ ಅಡ್ಡಿಯಿಲ್ಲ. ಪೇಟೆಗೆ ಹೋಗಿ ಬರ್ಲಿಕ್ಕೆ ಆಗುದಿಲ್ಲ. ನಾನು ಹೇಳಿದ್ದು ಅಂತ ಹೇಳ್ಬೇಡಿ."

ಅವನ ಮಾತು ಕೇಳಿ ವಾಸಿಲ ಬಿನ್ ಅಸ್‌ಕಅ್(ರ) ಎಂಬ ಸಹಾಬಿಯ ಘಟನೆ ನೆನಪಾಯಿತು. ಒಬ್ಬರು ಅವರ ಮನೆಯಿಂದ ಹೆಣ್ಣೊಂಟೆಯೊಂದನ್ನು ಕೊಂಡು ಹೊರಟಿದ್ದರು. ವಾಸಿಲ(ರ) ಬಟ್ಟೆ ಎಳೆದುಕೊಂಡು ಓಡೋಡಿ ಬಂದು, ಇದರಲ್ಲಿ ಏನಿದೆಯೆಂದು ನಿಮಗೆ ಹೇಳಿದರೇ ಎಂದು ಕೇಳಿದರು. ಪುಷ್ಟವಾಗಿಯೇ ಕಾಣುತ್ತದಲ್ಲ ಎಂದರು ಕೊಂಡವರು. ಇದು ಮಾಂಸಕ್ಕೋ ಪ್ರಯಾಣಕ್ಕೋ ಎಂದು ವಾಸಿಲ(ರ) ಮತ್ತೆ ಕೇಳಿದರು. ಹಜ್ಜ್ ಯಾತ್ರೆಗೆ ಎಂಬ ಉತ್ತರ ಬಂತು. ಹಾಗಾದರೆ ಹಿಂದಿರುಗಿಸಿ, ಇದರ ಪಾದದಲ್ಲಿ ಸವೆದ ತೂತಿದೆ ಎಂದುಬಿಟ್ಟರು. ಮಾರಿದವನಿಗೆ ಸಿಟ್ಟು ಬಂತು, ನನ್ನ ವ್ಯಾಪಾರ ಕೆಡಿಸುತ್ತೀಯಲ್ಲ ಎಂದ. ದೋಷವನ್ನು ತಿಳಿಸದೆ ಮಾರುವುದು ಮಾರುವವನಿಗೆ ಧರ್ಮಸಮ್ಮತವಲ್ಲ, ತಿಳಿದಿದ್ದ ಮೂರನೆಯವನಿಗೆ ಸುಮ್ಮನಿರುವುದೂ ಧರ್ಮಸಮ್ಮತವಲ್ಲ ಎಂಬುದನ್ನು ತಾನು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ ಎಂದು ವಾಸಿಲ(ರ) ಉತ್ತರಿಸಿದರು. ಮಾಂಸಕ್ಕಾದರೆ ಆ ತೂತು ದೋಷವಲ್ಲ, ಪ್ರಯಾಣಕ್ಕಾದರೆ ದೋಷ. ರೆಸಾರ್ಟಿನೊಳಗೆ ಆ ಬ್ಯಾಟರಿ ಸಾಕು, ಪೇಟೆಗೆ ಸಾಲದು.

ಒಂದು ವ್ಯತ್ಯಾಸವಿದೆ. ವಾಸಿಲ(ರ)ರ ಮೇಲೆ ಧಣಿ ಇರಲಿಲ್ಲ. ಈ ಹುಡುಗನಿಗೆ ತಿಂಗಳ ಸಂಬಳವಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಅವನ ಧರ್ಮ ಬೇರೆ, ಈ ಹದೀಸ್ ಅವನು ಕೇಳಿಯೂ ಇರಲಾರ. ನಮ್ಮವರ ಎಷ್ಟೋ ಸೆಕೆಂಡ್ ಹ್ಯಾಂಡ್ ಗಾಡಿಯ ಅಂಗಡಿಗಳಲ್ಲಿ ಸಂಬಳಕ್ಕಿರುವ ಹುಡುಗರು ಮೀಟರ್ ಹಿಂದೆ ತಿರುಗಿಸುವುದನ್ನು ನೋಡುತ್ತಾ ನಿಂತಿರುತ್ತಾರೆ. ಅವರು ಬಾಯಿ ಬಿಡಬೇಕೆಂದು ಇಲ್ಲಿ ಕುಳಿತು ಬರೆಯುವುದು ಸುಲಭ. ಅವರನ್ನು ಆ ಸ್ಥಿತಿಗೆ ತಳ್ಳುವ ಮಾಲಕರೇ ಈ ಪುಟವನ್ನು ಓದಲಿ ಎಂಬುದು ನನ್ನ ಆಸೆ.

"ಇದ್ದ ಹಾಗೆ" ಎಂಬ ಮಾತಿನ ಕುರಿತೂ ಹೇಳಬೇಕು. ಮಾರುವವನು ಎಲ್ಲ ದೋಷಗಳಿಂದ ಕೈತೊಳೆದುಕೊಳ್ಳುವ ಈ ಷರತ್ತಿನ ಬಗ್ಗೆ ನಮ್ಮ ಇಮಾಮರಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ಮದ್‌ಹಬ್ ಅದನ್ನು ಒಪ್ಪುತ್ತದೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ, ಪ್ರಾಣಿಯೊಳಗೆ ಅಡಗಿರುವ, ಮಾರುವವನಿಗೂ ಗೊತ್ತಿಲ್ಲದ ದೋಷಕ್ಕೆ ಮಾತ್ರ ಅದು ರಕ್ಷಣೆ ಕೊಡುತ್ತದೆ. ಆದರೆ ಗೊತ್ತಿದ್ದೂ ಮರೆಮಾಚಿದವನ ಪಾಪವನ್ನು ಈ ಷರತ್ತು ತೊಳೆಯುತ್ತದೆಂದು ಹೇಳಿದ ವಿದ್ವಾಂಸರನ್ನು ನಾನು ಕಂಡಿಲ್ಲ. ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಗೆ ಕೈ ತೂರಿಸಿದಾಗ ಒಳಗೆ ಒದ್ದೆಯಿತ್ತು. ಮಳೆ ಬಂದಿತ್ತು ಎಂದ ಮಾರುವವನು. ಹಾಗಾದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂಬುದೇ ಪ್ರವಾದಿವರ್ಯರ(ಸ) ಪ್ರಶ್ನೆಯಾಗಿತ್ತು. ಒದ್ದೆ ಧಾನ್ಯ ಮಾರಬೇಡ ಎನ್ನಲಿಲ್ಲ.

ಆ ಅಣ್ಣ ನಾವು ಹೋಗುವುದಕ್ಕೂ ಮೊದಲೇ ಹತ್ತು ಸಾವಿರ ಮುಂಗಡ ಕೊಟ್ಟಿದ್ದರು. ನಮ್ಮಲ್ಲಿ ವ್ಯಾಪಾರ ಬೇಡವೆಂದರೆ ಮುಂಗಡ ಮುಳುಗಿತು ಎಂಬುದೇ ರೂಢಿ. ಹನಫೀ, ಮಾಲಿಕೀ, ಶಾಫಿಈ ಮದ್‌ಹಬ್‌ಗಳಲ್ಲಿ ಇಂಥ ಮುಂಗಡವನ್ನು ಮಾರುವವನು ನುಂಗಿಕೊಳ್ಳುವ ಷರತ್ತು ಸಿಂಧುವಲ್ಲ. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಅನುಮತಿಸಿದ್ದಾರೆ. 1993ರಲ್ಲಿ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಕಾಯುವ ಅವಧಿಯನ್ನು ಮೊದಲೇ ನಿಗದಿಪಡಿಸಿದ್ದರೆ ಆಗಬಹುದು ಎಂದಿತು. ಇಲ್ಲಿ ಅವಧಿಯ ಮಾತೇ ಆಗಿರಲಿಲ್ಲ. ನಾವು ಇಲೆಕ್ಟ್ರಿಶಿಯನ್‌ನ ಹೆಸರೆತ್ತಲಿಲ್ಲ. ಮುಂದಿನ ವಾರ ನಮ್ಮದೇ ಇನ್ವರ್ಟರ್ ಹುಡುಗನನ್ನು ಕರೆದುಕೊಂಡು ಹೋಗಿ ಮ್ಯಾನೇಜರ್ ಎದುರಿಗೇ ಎಂಟು ಬ್ಯಾಟರಿಗಳನ್ನೂ ಅಳೆಸಿದೆವು. ಮೂರರ ಅಂಕೆ ನೋಡಿ ಅವರೇ ಕ್ಷಣ ಹೊತ್ತು ಸುಮ್ಮನಾದರು. ಮುಂಗಡ ವಾಪಸು ಬಂತು, ಎರಡು ಸಲವಾಗಿ.

ಹಾಗಾದರೆ ಉಮ್ಮನ ಗತಿ? ನಿಜವಾದ ಪ್ರಶ್ನೆ ಅದೇ ತಾನೇ. ಆ ತಾಯಿ ಎಂಟು ತಿಂಗಳಿಂದ ಆಸ್ಪತ್ರೆ ಬಿಟ್ಟರೆ ಬೇರೆಲ್ಲೂ ಹೋಗಿರಲಿಲ್ಲ. ಗಾಡಿ ಬರುತ್ತದೆಂದು ತಂಗಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಈಗ ಅವರ ಓಣಿಯಲ್ಲೇ ಇರುವ ಇಲೆಕ್ಟ್ರಿಕ್ ಆಟೋದವರೊಬ್ಬರ ಜೊತೆ ತಿಂಗಳ ಲೆಕ್ಕದಲ್ಲಿ ಮಾತಾಡಿಕೊಂಡಿದ್ದಾರೆ. ಆಟೋ ಹತ್ತಲು ಎತ್ತರವಾಗುತ್ತದೆಂದು ಬಡಗಿಯಿಂದ ಒಂದು ಮರದ ಮೆಟ್ಟಿಲು ಮಾಡಿಸಿದ್ದಾರೆ, ಅದು ಆಟೋದ ಹಿಂದೆಯೇ ಇರುತ್ತದೆ. ಶುಕ್ರವಾರ ಅಸರ್ ನಮಾಝ್ ಆದ ಮೇಲೆ ಉಮ್ಮ ತಂಗಿಯ ಮನೆಗೆ ಹೋಗುತ್ತಾರೆ.

ಗಾಲ್ಫ್ ಗಾಡಿಯನ್ನು ಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಗೇಟಿನಿಂದ ಕಟ್ಟಡದವರೆಗೆ ದೂರವಿರುವ ಅರಬಿಕ್ ಕಾಲೇಜು, ಆಸ್ಪತ್ರೆ, ಎತ್ತರದ ಗುಡ್ಡದ ಮೇಲಿನ ಮಸೀದಿಯ ಆವರಣಗಳಿಗೆ ಅದು ಒಳ್ಳೆಯ ಸಾಧನ. ಗೇಟಿನ ಹೊರಗೆ ತರಬಾರದು, ಅಷ್ಟೇ. ಜಮಾಅತ್‌ನವರು ಸೇರಿ ಒಂದನ್ನು ಕೊಂಡರೆ ಎಷ್ಟೋ ವೃದ್ಧರಿಗೆ ಜುಮಾ ಸಿಗುತ್ತದೆ.

ರಸ್ತೆಗೆ ಬೇಕಾದವರು ಹಸಿರು ನಂಬರ್ ಪ್ಲೇಟಿನ ಗಾಡಿಯನ್ನೇ ಹುಡುಕಿ. ಕೊಳ್ಳುವಾಗ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರಿದೆಯೇ ನೋಡಿ. ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಹಣ ಕೊಡಿ. 29 ಮತ್ತು 30ನೇ ನಮೂನೆಗಳಲ್ಲಿ ಹೆಸರು ವರ್ಗಾವಣೆಯಾಗಬೇಕು. ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಮೊಬೈಲ್ ಆ್ಯಪ್‌ನಿಂದ ನಡೆಯುವ ಸ್ಕೂಟರಾದರೆ ಹಳೆಯ ಮಾಲಕರ ಖಾತೆಯಿಂದ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ. ಬ್ಯಾಟರಿ ಗಾಡಿ ತಾನೇ ಎಂದು ಒಂಬತ್ತನೇ ತರಗತಿಯ ಹುಡುಗನ ಕೈಗೆ ಕೀ ಕೊಡುವ ತಾಯಂದಿರಿಗೆ ಒಂದು ಮಾತು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆಯೂ ಇದೆ.

ಈ ತಿಂಗಳು ಹಳೆಯ ಬ್ಯಾಟರಿ ಸ್ಕೂಟರನ್ನು ಮಾರಲಿರುವ ಓದುಗರು ಒಂದು ಬಿಳಿ ಹಾಳೆಯಲ್ಲಿ ಇಷ್ಟನ್ನು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಕೀಯ ಜೊತೆ ಕೊಡಿ: ಬ್ಯಾಟರಿ ಹಾಕಿಸಿದ ತಿಂಗಳು ಮತ್ತು ವರ್ಷ, ಹೊಸದರಲ್ಲಿ ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತಿತ್ತು, ಈಗ ಎಷ್ಟು ಹೋಗುತ್ತದೆ, ನೀರು ತುಂಬಿದ ರಸ್ತೆಯಲ್ಲಿ ಓಡಿಸಿದ್ದುಂಟೇ, ಬಿದ್ದದ್ದುಂಟೇ, ಚಾರ್ಜರ್ ಮೂಲದ್ದೋ ಬದಲಿಸಿದ್ದೋ.